ಹತ್ತು ರಾಗ, ಒಂದೇ ಪೆಟ್ಟು

ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಅವರ ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಧ್ವನಿಮುದ್ರಿಕೆಯನ್ನು ಈಚೆಗೆ ನಾವು ಮತ್ತೆ ಕುಳಿತು ಕೇಳಿದೆವು. 1982ರಲ್ಲಿ ಮುದ್ರಣಗೊಂಡಾಗ ಅದನ್ನು ಕೊಂಡವರು ವಿರಳ. 2010ರಲ್ಲಿ ಹಾಲೆಂಡಿನವರು ಮರುಮುದ್ರಿಸಿದ ಮೇಲೆ, ಶಿಕಾಗೋದ ‘ಆಸಿಡ್ ಹೌಸ್’ ಸಂಗೀತದ ಛಾಯೆ ಅದಕ್ಕೂ ಮುಂಚೆಯೇ ನಮ್ಮ ಮುಂಬಯಿಯಲ್ಲಿ ಮೂಡಿತ್ತೆಂದು ಲೋಕ ಬೆರಗಾಯಿತು. ಸಿಂಗ್ 2015ರಲ್ಲಿ ತೀರಿಕೊಂಡರು. ಹೊಗಳಿಕೆ ಬೇಕಾದಷ್ಟು ಆಗಿದೆ. ನಮ್ಮ ತಕರಾರಿರುವುದು ತಾಳದ ವಿಷಯದಲ್ಲಿ.

ತಾಳಕ್ಕೆ ಅವರು ಬಳಸಿದ್ದು ರೋಲ್ಯಾಂಡ್ ಕಂಪೆನಿಯ ಟಿಆರ್-808 ಎಂಬ ಪೆಟ್ಟಿಗೆ. ಇದು 1980ರಲ್ಲಿ ಬಂದದ್ದು. ಸಾಲಾಗಿ ಹದಿನಾರು ಗುಂಡಿಗಳು. ಯಾವ ಗುಂಡಿ ಒತ್ತುತ್ತೇವೋ ಆ ಮನೆಯಲ್ಲಿ ಪೆಟ್ಟು ಬೀಳುತ್ತದೆ. ಡೋಲಿನ ಸದ್ದು ಎಷ್ಟು ಹೊತ್ತು ಗುಂಯ್ಗುಡಬೇಕು ಎಂಬುದಕ್ಕೂ ಒಂದು ತಿರುಪು. ಬೇಕಾದರೆ ಹದಿನಾರರ ಬದಲು ಹತ್ತೇ ಮನೆ ಇಟ್ಟು ಝಂಪೆಯ ಲೆಕ್ಕಕ್ಕೂ ಹೊಂದಿಸಬಹುದಿತ್ತು. ಸಿಂಗ್ ಆ ಗೋಜಿಗೆ ಹೋಗಲಿಲ್ಲ. ಭೈರವಿಗೂ ಮಾಲ್‌ಕೌಂಸ್‌ಗೂ ಬಹುಮಟ್ಟಿಗೆ ಅದೇ ನಾಲ್ಕರ ನಡೆ. ಡಿಸ್ಕೋ ಎಂದು ಮೇಲೆಯೇ ಬರೆದಿದೆಯಲ್ಲ ಎನ್ನಬಹುದು. ಒಪ್ಪಿದೆವು. ಆದರೆ ಮೇಲೆ ರಾಗ ತಿರುವು ತೆಗೆದುಕೊಳ್ಳುವಾಗ ಕೆಳಗಿನ ತಾಳ ಅದನ್ನು ಗಮನಿಸಿದಂತೆಯೇ ಕಾಣುವುದಿಲ್ಲ.

ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಬೇಗ ತಟ್ಟುತ್ತದೆ. ಭಾಗವತರು ಪದ್ಯದ ಸಾಲು ಮುಗಿಸುವ ಸೂಚನೆ ಸಿಕ್ಕೊಡನೆ ಚೆಂಡೆ ಬಿಡ್ತಿಗೆಗೆ ಏರುತ್ತದೆ. ಅದು ಎಣಿಕೆಯಿಂದ ಮಾತ್ರ ಬರುವುದಲ್ಲ, ಎದುರಿನವರನ್ನು ನೋಡಿ ಬರುವುದು. 808ರಲ್ಲಿಯೂ ಬಿಡ್ತಿಗೆಯಂಥದಿದೆ, ‘ಫಿಲ್-ಇನ್’ ಎಂದು ಹೆಸರು. ಎರಡು, ನಾಲ್ಕು, ಎಂಟು, ಹನ್ನೆರಡು, ಹದಿನಾರು ಸುತ್ತಿಗೊಮ್ಮೆ ತಾನಾಗಿ ಬರುವಂತೆ ಇಡಬಹುದು. ಕೈಯಿಂದ ಒತ್ತಿಯೂ ತರಬಹುದು. ಈ ಎರಡನೆಯ ದಾರಿಯ ಬೆಲೆ ಬಹಳ ಜನಕ್ಕೆ ತಿಳಿದಿಲ್ಲ. ಸಿಂಗ್ ಒಬ್ಬರೇ ಮೂರು ಯಂತ್ರಗಳನ್ನು ಸಂಬಾಳಿಸಿದವರು, ಅವರಿಗೆ ಬಿಡುವಾದರೂ ಎಲ್ಲಿತ್ತು?

ನಮ್ಮ ಮಕ್ಕಳ ಮೇಜಿನ ಮೇಲೆ ಈಗ ಅದೇ ವಂಶದ ಪೆಟ್ಟಿಗೆಗಳಿವೆ, ಅಂಗೈಯಗಲದವೂ ಇವೆ. ಡೊಂಬಿವಲಿಯ ಬಂಧುಗಳ ಮನೆಯಲ್ಲಿ ಒಬ್ಬ ಹುಡುಗ ಚೆಂಡೆಯ ಸದ್ದನ್ನು ಅದಕ್ಕೆ ತುಂಬಿಸಿ, “ಅಜ್ಜಾ, ಒಂದು ಪದ್ಯ ಹೇಳಿ” ಎಂದ. ಅಜ್ಜ ಎತ್ತಿಕೊಂಡರು. ಕೊನೆಯ ಸಾಲನ್ನು ತುಸು ಎಳೆದರು. ಎಂಟನೆಯ ಸುತ್ತಿಗೆ ಸರಿಯಾಗಿ ಪೆಟ್ಟಿಗೆ ಬಿಡ್ತಿಗೆ ಬಾರಿಸಿತು, ಅವರ ಸ್ವರ ಇನ್ನೂ ಗಂಟಲಲ್ಲಿರುವಾಗಲೇ.

“ಮಾರಾಯಾ, ಅದಕ್ಕೆ ನನ್ನ ಉಸಿರು ಗೊತ್ತಿಲ್ಲ” ಎಂದರು.

ಹುಡುಗ ಮುಖ ಸಣ್ಣ ಮಾಡಲಿಲ್ಲ. ತಾನಾಗಿ ಬರುವುದನ್ನು ನಿಲ್ಲಿಸಿದ. ಬೆರಳನ್ನು ಗುಂಡಿಯ ಮೇಲಿಟ್ಟು, ಪೆಟ್ಟಿಗೆಯ ದೀಪ ನೋಡುವುದನ್ನು ಬಿಟ್ಟು ಅಜ್ಜನ ಮುಖ ನೋಡುತ್ತ ಕುಳಿತ. ಅಜ್ಜ ಮತ್ತೆ ಮೊದಲಿನಿಂದ ಎತ್ತಿಕೊಂಡರು.