ಗೋಡೆ ಅಳಿಸಿ ಏಣಿ ನಿಲ್ಲಿಸುವ ವಿದ್ಯೆ

ಬೆಂಗಳೂರಿನ ಬನಶಂಕರಿಯ ಬಾಡಿಗೆ ಕೋಣೆಯಲ್ಲಿ ಕೂತು ಮೊದಲ ವರ್ಷದ ಇಂಜಿನಿಯರಿಂಗ್ ಓದುವಾಗ ನನ್ನ ಮನಸ್ಸು ಕದ್ದದ್ದು ಸ್ಟ್ಯಾಟಿಕ್ಸ್ (ನಿಂತ ವಸ್ತುಗಳ ಮೇಲಿನ ಬಲಗಳ ಲೆಕ್ಕ), ಅದರಲ್ಲೂ ಫ್ರೀ ಬಾಡಿ ಡಯಾಗ್ರಾಂ.

ಗೋಡೆಗೆ ಒರಗಿದ ಏಣಿಯನ್ನೇ ನೋಡಿ. ಗೋಡೆ, ನೆಲ ಎರಡನ್ನೂ ಅಳಿಸಿ ಏಣಿಯೊಂದನ್ನೇ ಬರೆಯಬೇಕು. ಅಳಿಸಿದ್ದರ ಜಾಗದಲ್ಲಿ ಅದು ಕೊಡುತ್ತಿದ್ದ ಬಲದ ಬಾಣ ಬರಬೇಕು. ನುಣುಪು ಗೋಡೆ ಅಡ್ಡಕ್ಕೆ ತಳ್ಳುತ್ತದೆ, ನೆಲ ಮೇಲಕ್ಕೆತ್ತುತ್ತದೆ, ಬುಡ ಜಾರದಂತೆ ಘರ್ಷಣೆ ಗೋಡೆಯ ಕಡೆಗೆ ಒತ್ತಿ ಹಿಡಿಯುತ್ತದೆ. ಘರ್ಷಣೆಯ ಬಾಣ ಮರೆತರೆ ಏಣಿ ಹಾಳೆಯ ಮೇಲೇ ಜಾರಿತು.

ಸಮತಲದಲ್ಲಿ ಸಮೀಕರಣ ಮೂರೇ: ಅಡ್ಡ ಬಲಗಳ ಮೊತ್ತ ಸೊನ್ನೆ, ಲಂಬ ಬಲಗಳದ್ದೂ ಸೊನ್ನೆ, ಮೊಮೆಂಟುಗಳದ್ದೂ, ಅಂದರೆ ಬಲಗಳು ತಿರುಗಿಸುವ ಪ್ರಭಾವದ್ದೂ, ಸೊನ್ನೆ. ಮೊಮೆಂಟನ್ನು ಏಣಿಯ ಬುಡದ ಸುತ್ತ ತೆಗೆದರೆ ಅಲ್ಲಿನ ಎರಡೂ ಗೊತ್ತಿಲ್ಲದ ಬಲಗಳು ಲೆಕ್ಕದಿಂದ ಹೊರಬೀಳುತ್ತವೆ. ಗೋಡೆಯ ಬಲ ಒಂದೇ ಸಾಲಿನಲ್ಲಿ ಕೈಗೆ ಬರುತ್ತದೆ. ಆ ಬಿಂದುವನ್ನು ಆರಿಸುವ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಇದೇ ಲೆಕ್ಕ ನನಗೆ ಈಗ ರಸ್ತೆಯಲ್ಲೂ ಕಾಣುತ್ತದೆ. 2024ರಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ 3.36 ಕಿಲೋಮೀಟರ್ ಉದ್ದದ ಡಬಲ್ ಡೆಕ್ಕರ್ ಮೇಲ್ಸೇತುವೆ ತೆರೆಯಿತು. ಮೇಲೆ ಮೆಟ್ರೊ; ಅದರ ಕೆಳಗೆ ಕಂಬದ ಎರಡೂ ಬದಿಗೆ ಚಾಚಿದ ತೋಳುಗಳ ಮೇಲೆ ವಾಹನಗಳ ದಾರಿ. ಒಂದೇ ಬದಿಯಲ್ಲಿ ತುಂಬಿದ ಬಸ್ಸು ಬಂದಾಗ ಆ ತೋಳು ಕಂಬವನ್ನು ತನ್ನತ್ತ ಬಾಗಿಸಲು ನೋಡುತ್ತದೆ. ಅಷ್ಟೇ ಮೊಮೆಂಟನ್ನು ಎದುರು ದಿಕ್ಕಿಗೆ ಕೊಟ್ಟು, ಅಡಿಪಾಯ ಕಂಬವನ್ನು ನೆಟ್ಟಗೆ ನಿಲ್ಲಿಸುತ್ತದೆ. ಅಲ್ಲಿ ಹಾದುಹೋಗುವಾಗಲೆಲ್ಲ ನನ್ನ ಕಣ್ಣು ಮಣ್ಣಿನೊಳಗಿನ ಆ ಬಾಣವನ್ನು ಹುಡುಕುತ್ತದೆ.