ಚೀನೀಯರ ಮಂಗಳಚಿತ್ರಗಳಲ್ಲಿ ಶ್ಲೇಷೆ

ಚೀನಾದೇಶದ ಜನಪದಚಿತ್ರಗಳನ್ನು ನೋಡುವ ಪರದೇಶೀಯನಿಗೆ ಮೊದಲು ತೋರುವುದು ಬಣ್ಣದ ಸಂಭ್ರಮ. ಅನಂತರ ತೋರುವುದು ಒಂದು ಒಗಟು. ಹೊಸವರ್ಷದ ಮುದ್ರಿತ ಚಿತ್ರಗಳಲ್ಲಿಯೂ, ಕಿಟಕಿಗೆ ಅಂಟಿಸುವ ಕೆಂಪು ಕಾಗದದ ಕತ್ತರಿಕೆಲಸದಲ್ಲಿಯೂ, ಕಸೂತಿಯಲ್ಲಿಯೂ ಬಾವಲಿಯು ಮತ್ತೆ ಮತ್ತೆ ಬರುತ್ತದೆ. ನಮ್ಮ ಮನೆಗಳಲ್ಲಿ ಅಪಶಕುನವೆನಿಸಿದ ಈ ಪ್ರಾಣಿಯು ಅಲ್ಲಿ ಮಂಗಳಕರವಾದುದು ಹೇಗೆ? ಅದರ ರೂಪದಲ್ಲಿಯಾಗಲಿ ಸ್ವಭಾವದಲ್ಲಿಯಾಗಲಿ ಇದಕ್ಕೆ ಉತ್ತರವಿಲ್ಲ. ಉತ್ತರವಿರುವುದು ಅದರ ಹೆಸರಿನಲ್ಲಿ. ಬಾವಲಿಯನ್ನು ಹೇಳುವ ‘ಫು’ ಎಂಬ ನುಡಿಯೂ ಭಾಗ್ಯವನ್ನು ಹೇಳುವ ‘ಫು’ ಎಂಬ ನುಡಿಯೂ ಕಿವಿಗೆ ಒಂದೇ. ಐದು ಬಾವಲಿಗಳನ್ನು ಬರೆದರೆ ದೀರ್ಘಾಯುಷ್ಯ, ಐಶ್ವರ್ಯ, ಆರೋಗ್ಯ, ಧರ್ಮಪ್ರೀತಿ, ಸುಖಮರಣ ಎಂಬ ಪಂಚಭಾಗ್ಯಗಳನ್ನು ಹರಸಿದಂತೆ. ಮೀನು ‘ಯೂ’, ಉಂಡು ಉಳಿಯುವ ಸಮೃದ್ಧಿಯೂ ‘ಯೂ’; ಹೂದಾನಿ ‘ಪಿಂಗ್’, ಶಾಂತಿಯೂ ‘ಪಿಂಗ್’.

ಅಲಂಕಾರಶಾಸ್ತ್ರವನ್ನು ಬಲ್ಲ ವಾಚಕರು ಇದನ್ನು ಶ್ಲೇಷೆಯೆಂದು ಕೂಡಲೆ ಗುರುತಿಸುವರು. ಗುರುತಿಸಿದೊಡನೆ ಒಂದು ಆಕ್ಷೇಪವೂ ಏಳುವುದು. ಚಮತ್ಕಾರವನ್ನೇ ನೆಚ್ಚಿ ವ್ಯಂಗ್ಯಾರ್ಥವಿಲ್ಲದ ಚಿತ್ರಕಾವ್ಯವನ್ನು ಮಮ್ಮಟನು ಅಧಮವೆಂದು ಎಣಿಸಿದನಷ್ಟೆ. ಹಾಗಾದರೆ ಈ ಚಿತ್ರಗಳನ್ನೂ ಜಾಣತನದ ಆಟವೆಂದು ಬದಿಗಿಡಬೇಕೆ? ಕೂಡದೆಂದೇ ನಮ್ಮ ಮತ.

ಇಲ್ಲಿಯ ಶ್ಲೇಷೆಯು ಪಾಂಡಿತ್ಯದ ಪ್ರದರ್ಶನವಲ್ಲ; ಅಕ್ಷರ ಬಾರದವರೂ ಆಡಬಲ್ಲ ಹಾರೈಕೆ. ಮದುವೆಯ ಹಾಸಿಗೆಯ ಮೇಲೆ ಎಲಚಿಹಣ್ಣು, ನೆಲಗಡಲೆ, ಲೊಂಗಾನ್ ಹಣ್ಣು, ತಾವರೆಬೀಜಗಳನ್ನು ಚೆಲ್ಲುವ ವಾಡಿಕೆಯುಂಟು. ಅವುಗಳ ಹೆಸರುಗಳನ್ನು ಕೂಡಿಸಿ ನುಡಿದರೆ ‘ಬೇಗನೆ ಸತ್ಪುತ್ರನನ್ನು ಹಡೆಯಿರಿ’ ಎಂದು ಕೇಳಿಸುತ್ತದೆ. ಫ್ರೆಂಚ್ ವಿದ್ವಾಂಸನಾದ ಎದುವಾರ್ ಶವಾನನು 1901ರಲ್ಲಿ ಚೀನೀ ಜನಪದಕಲೆಯನ್ನು ಕುರಿತು ಬರೆದ ಪ್ರಬಂಧಕ್ಕೆ ಹಾರೈಕೆಗಳ ಅಭಿವ್ಯಕ್ತಿಯನ್ನೇ ವಿಷಯವಾಗಿ ಆರಿಸಿಕೊಂಡುದು ಉಚಿತವಾಗಿಯೇ ಇದೆ.

ಆದರೆ ಹಾರೈಕೆ ಒಳ್ಳೆಯದಾದ ಮಾತ್ರಕ್ಕೆ ಚಿತ್ರವು ಒಳ್ಳೆಯದಾಗಲಾರದು. ಟಿಯೆನ್‌ಜಿನ್ ನಗರದ ಬಳಿಯ ಯಾಂಗ್‌ಲಿಯುಚಿಂಗ್ ಎಂಬ ಊರು ಹೊಸವರ್ಷದ ಚಿತ್ರಗಳಿಗೆ ಹೆಸರಾದುದು. ಅಲ್ಲಿಯ ಒಂದು ಪ್ರಸಿದ್ಧ ಚಿತ್ರದಲ್ಲಿ ತಾವರೆಯ ಜೊತೆಗೆ ದುಂಡುಮೈಯ ಮಗುವೊಂದು ದೊಡ್ಡ ಮೀನನ್ನು ತೋಳುಗಳಲ್ಲಿ ಅವಚಿಕೊಂಡಿದೆ. ತಾವರೆ ‘ಲಿಯೆನ್’, ಎಡೆಬಿಡದಿರುವುದೂ ‘ಲಿಯೆನ್’. ಆದುದರಿಂದ ‘ವರ್ಷವರ್ಷವೂ ಸಮೃದ್ಧಿ ಉಳಿಯಲಿ’ ಎಂದು ತಾತ್ಪರ್ಯ. ಆದರೆ ನೋಡುವವನು ಮೊದಲು ಸೋಲುವುದು ಮಗುವಿನ ನಗೆಗೆ, ಮೀನಿನ ತುಂಬುತನಕ್ಕೆ. ಅರ್ಥವು ಗಂಟೆಯ ಅನುರಣನದಂತೆ ಬಳಿಕ ಕೇಳಿಸುತ್ತದೆ. ಧ್ವನಿಕಾರರು ಶಬ್ದಶಕ್ತಿಮೂಲವಾದ ಧ್ವನಿಯನ್ನೂ ಒಪ್ಪಿದರೆಂಬುದನ್ನು ಇಲ್ಲಿ ನೆನೆಯಬೇಕು. ಶ್ಲೇಷೆಯೇ ದೋಷವಲ್ಲ, ಶ್ಲೇಷೆಯ ಹೊರತು ಬೇರೆ ಜೀವವಿಲ್ಲದಿರುವುದು ದೋಷ. ಬಾವಲಿ, ಜಿಂಕೆ, ಹೂದಾನಿಗಳನ್ನು ಒಂದೇ ಫಲಕದಲ್ಲಿ ತುರುಕಿ ಮಾರುವ ಅಂಗಡಿಯ ಸರಕುಗಳಲ್ಲಿ ಈ ದೋಷವೇ ಎದ್ದು ಕಾಣುತ್ತದೆ. ಅವು ಹಾರೈಕೆಗಳಲ್ಲ, ಹಾರೈಕೆಗಳ ಪಟ್ಟಿ.

ಎಲ್ಲ ಸಂಕೇತಗಳೂ ನಾದದಿಂದ ಹುಟ್ಟಿದುವೆಂದು ಹೇಳಲಾಗದು. ದಾಳಿಂಬೆಯು ತನ್ನ ಬೀಜಗಳಿಂದಲೇ ಬಹುಸಂತಾನವನ್ನು ಸೂಚಿಸುವುದು. ಲೇಖಕ ಲು ಶುನ್ನನು 1926ರ ಪ್ರಬಂಧವೊಂದರಲ್ಲಿ ಬಾಲ್ಯದಲ್ಲಿ ತನ್ನ ಮಂಚದ ಬಳಿಯಿದ್ದ ‘ಇಲಿಯ ಮದುವೆ’ಯ ಚಿತ್ರವನ್ನು ಪ್ರೀತಿಯಿಂದ ನೆನೆದಿದ್ದಾನೆ, ಅದನ್ನು ಸವಿಯಲು ಯಾವ ಶ್ಲೇಷೆಯೂ ಬೇಕಿಲ್ಲ.

ಈಗ ಸಂಗ್ರಾಹಕರ ಮಾತು. 1966ರಿಂದ 1976ರ ವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಎಷ್ಟೋ ಹಳೆಯ ಮುದ್ರಣಫಲಕಗಳು ನಾಶವಾದುವು. ಆದುದರಿಂದ ಸಂಗ್ರಹವು ಅವಶ್ಯಕವೇ ಸರಿ. ಆದರೆ ಏನನ್ನು ಸಂಗ್ರಹಿಸಬೇಕು? 1907ರಲ್ಲಿ ಶವಾನನೊಡನೆ ಚೀನಾದಲ್ಲಿ ಸಂಚರಿಸಿದ ರಷ್ಯದ ಅಲೆಕ್ಸೆಯೆವನು ಚಿತ್ರಗಳನ್ನು ಕೊಂಡು ತೃಪ್ತನಾಗಲಿಲ್ಲ. ಅವುಗಳ ಅರ್ಥವನ್ನು ಚೀನೀಯರಿಂದಲೇ ಬರೆಯಿಸಿಕೊಂಡನು. ಶಾನ್‌ಶೀ ಪ್ರಾಂತದ ಕು ಶುಲಾನ್ (1920–2004) ಎಂಬ ಹಳ್ಳಿಯ ಹೆಣ್ಣುಮಗಳು ಹಾಡುತ್ತ ಹಾಡುತ್ತಲೇ ಕಾಗದವನ್ನು ಕತ್ತರಿಸುತ್ತಿದ್ದಳು. 2009ರಲ್ಲಿ ಯುನೆಸ್ಕೋ ಸಂಸ್ಥೆಯು ಚೀನೀ ಕಾಗದಕತ್ತರಿಕೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ‘ಅಮೂರ್ತ’ವೆಂಬ ಆ ವಿಶೇಷಣವು ಬಹು ಸಾರ್ಥಕವಾದುದು. ಕಾಗದವು ಮೂರ್ತ, ಅದರ ಪ್ರಾಣವು ನುಡಿ. ಚಿತ್ರವನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ‘ಫು’ ಎಂಬ ನುಡಿಯನ್ನು ಹೊರಗೆ ಬಿಟ್ಟರೆ ಅಲ್ಲಿ ಉಳಿಯುವುದು ಬರಿಯ ಬಾವಲಿ.