ಅಪರ್ಣಾ ಅವರ ವಾಚಿಕಾಭಿನಯ

೧

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳಲ್ಲಿ ಕನ್ನಡವನ್ನು ಬೋಧಿಸತಕ್ಕ ಉಪಾಧ್ಯಾಯರಿಗೆ ಒಂದು ಸಂದೇಹವು ಆಗಾಗ್ಗೆ ಉಂಟಾಗುವುದು ಸಹಜವಾಗಿದೆ. ಈ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಮನೆಯಲ್ಲಿ ತೆಲುಗನ್ನಾಡುವ ಮಗುವು ಪಾಠಶಾಲೆಯಲ್ಲಿ ಕನ್ನಡವನ್ನು ಓದುವುದು ಇಲ್ಲಿ ಅಪೂರ್ವವಲ್ಲ. ವ್ಯಾಕರಣವನ್ನು ಗ್ರಂಥದಿಂದ ತಿಳಿಯಬಹುದು. ಉಚ್ಚಾರಣೆಯನ್ನಾದರೋ ಕಿವಿಯಿಂದಲೇ ತಿಳಿಯಬೇಕು. ಹಾಗಾದರೆ ಯಾರ ಉಚ್ಚಾರಣೆಯನ್ನು ಪ್ರಮಾಣವೆಂದು ಇಟ್ಟುಕೊಳ್ಳತಕ್ಕದ್ದು? ಹಿಂದೆ ಇದಕ್ಕೆ ಗುರುಮುಖವೊಂದೇ ಗತಿಯಾಗಿದ್ದಿತು. ಆಕಾಶವಾಣಿಯೂ ದೂರದರ್ಶನವೂ ಬಂದ ಮೇಲೆ ಕೆಲವು ಕಂಠಗಳು ಊರೂರಿಗೂ ಗುರುಸ್ಥಾನದಲ್ಲಿ ನಿಂತುವು. ಅವುಗಳಲ್ಲಿ ಶ್ರೀಮತಿ ಅಪರ್ಣಾ ಅವರದು ಮುಖ್ಯವಾದುದು. ಆದರೆ ಇದೇ ಕಂಠವು ಮುಂದೆ ಹಾಸ್ಯಪಾತ್ರವೊಂದಕ್ಕೂ ಒದಗಿ, ಅದರಿಂದಲೇ ಬಹುಜನರಿಗೆ ಪರಿಚಿತವಾಯಿತು. ಇವೆರಡಕ್ಕೂ ಇರುವ ಸಂಬಂಧವೇನೆಂಬುದೇ ಪ್ರಕೃತ ವಿಚಾರವು.

೨

ಇವರ ವೃತ್ತಾಂತವನ್ನು ವಿಷಯಕ್ಕೆ ಬೇಕಾದಷ್ಟು ಮಾತ್ರ ಹೇಳಿದರೆ ಸಾಕು. ಇವರು ಮೊದಲು ಬೆಳಕಿಗೆ ಬಂದುದು ಚಲಚ್ಚಿತ್ರದಲ್ಲಿ. ತ. ರಾ. ಸುಬ್ಬರಾಯರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸತೊಡಗಿದ 'ಮಸಣದ ಹೂವು' ಇವರ ಪ್ರಥಮ ಚಿತ್ರ. ೧೯೮೫ರಲ್ಲಿ ಕಣಗಾಲರು ಕಾಲವಶರಾದುದರಿಂದ ಅದನ್ನು ಕೆ. ಎಸ್. ಎಲ್. ಸ್ವಾಮಿಯವರು ಪೂರ್ತಿಗೊಳಿಸಿದರು. ಹೀಗೆ ಗುರುವಿನ ಕಡೆಯ ಕೃತಿಯೇ ಶಿಷ್ಯೆಯ ಮೊದಲ ಕೃತಿಯಾಯಿತು.

ಆದರೆ ಇವರ ಕೀರ್ತಿಗೆ ನೆಲೆಯಾದುದು ನಿರೂಪಣೆ. ಆಕಾಶವಾಣಿಯಲ್ಲಿಯೂ, ೧೯೯೦ರ ದಶಕದ ಉದ್ದಕ್ಕೂ ಬೆಂಗಳೂರು ದೂರದರ್ಶನದಲ್ಲಿಯೂ ಇವರ ಧ್ವನಿ ಮನೆಮನೆಗೂ ಪರಿಚಿತವಾಯಿತು. ೧೯೯೮ರ ದೀಪಾವಳಿಯ ಸಂದರ್ಭದಲ್ಲಿ ಎಂಟು ಗಂಟೆಗಳ ಕಾಲ ಎಡೆಬಿಡದೆ ನಿರೂಪಣೆ ಮಾಡಿದುದು ಇವರ ಧಾರಣಶಕ್ತಿಗೆ ನಿದರ್ಶನವಾಗಿದೆ. 'ಮೂಡಲ ಮನೆ', 'ಮುಕ್ತ' ಎಂಬ ಧಾರಾವಾಹಿಗಳಲ್ಲಿಯೂ ಇವರು ಅಭಿನಯಿಸಿದರು. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣವನ್ನು ಕನ್ನಡದಲ್ಲಿ ಸೂಚಿಸಿದ ಧ್ವನಿಯೂ ಇವರದೇ. ೨೦೧೫ರಿಂದ ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್' ಎಂಬ ಕಾರ್ಯಕ್ರಮದಲ್ಲಿ ವರಲಕ್ಷ್ಮಿಯೆಂಬ ಹಾಸ್ಯಪಾತ್ರವನ್ನು ವಹಿಸಿದರು. ೨೦೨೪ನೆಯ ಜುಲೈ ೧೧ರಂದು, ಶ್ವಾಸಕೋಶದ ಅರ್ಬುದರೋಗದಿಂದ, ಐವತ್ತೇಳರ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮಾತಿಗೆ ಆಧಾರವಾದ ಉಸಿರಿನ ಸ್ಥಾನಕ್ಕೇ ರೋಗವು ತಗುಲಿದುದು ವಿಷಾದಕರವಾದ ವಿಚಾರ.

೩

ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ಅಭಿನಯವು ನಾಲ್ಕು ವಿಧವೆಂಬುದು ಸರ್ವವಿದಿತವಾಗಿದೆ. ಚಿತ್ರಪ್ರಧಾನವಾದ ದೂರದರ್ಶನದಲ್ಲಿ ಆಹಾರ್ಯಕ್ಕೂ ಆಂಗಿಕಕ್ಕೂ ಹೆಚ್ಚಿನ ಗಮನ ಸಲ್ಲುವುದು ವಾಡಿಕೆ. ಅಪರ್ಣಾ ಅವರಾದರೋ ವಾಚಿಕದಿಂದಲೇ ನಿಂತವರು. ಪಾಣಿನೀಯ ಶಿಕ್ಷೆಯಲ್ಲಿ ಪಾಠಕನಿಗೆ ಹೇಳಿರುವ ಗುಣಗಳು ಆರು: ಮಾಧುರ್ಯ, ಅಕ್ಷರವ್ಯಕ್ತಿ, ಪದಚ್ಛೇದ, ಸುಸ್ವರ, ಧೈರ್ಯ, ಲಯಸಾಮರ್ಥ್ಯ. ಇವುಗಳಲ್ಲಿ ಮಾಧುರ್ಯವನ್ನು ಎಲ್ಲರೂ ಹೊಗಳಿದ್ದಾರೆ. ಆದರೆ ವಿಶೇಷವಾಗಿ ಗಮನಿಸತಕ್ಕವು ಅಕ್ಷರವ್ಯಕ್ತಿ ಮತ್ತು ಪದಚ್ಛೇದಗಳು. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಅಕಾರ ಹಕಾರಗಳ ಭೇದ, ನಕಾರ ಣಕಾರಗಳ ಭೇದ, ಇವು ಆಡುಮಾತಿನಲ್ಲಿ ಸವೆದುಹೋಗುವಂಥವು. ಇವರ ನಿರೂಪಣೆಯಲ್ಲಿ ಅವು ಉಳಿದಿದ್ದವು. ಉಳಿಸಿಕೊಳ್ಳುವ ಶ್ರಮವು ಮಾತ್ರ ಕೇಳುವವರಿಗೆ ತೋರುತ್ತಿರಲಿಲ್ಲ.

ಇನ್ನೊಂದು ಅಂಶವನ್ನು ಇಲ್ಲಿ ಹೇಳಬೇಕು. ದೂರದಲ್ಲಿರುವವರನ್ನು ಕುರಿತು ಶಿರಃಸ್ಥಾನದಿಂದಲೂ, ಅತಿದೂರವಲ್ಲದವರನ್ನು ಕುರಿತು ಕಂಠದಿಂದಲೂ, ಪಕ್ಕದಲ್ಲಿರುವವರನ್ನು ಕುರಿತು ಉರಃಸ್ಥಾನದಿಂದಲೂ ಮಾತನಾಡತಕ್ಕದ್ದೆಂದು ಭರತಮುನಿಯ ಮತ. ಧ್ವನಿವಾಹಕ ಯಂತ್ರವು ಈ ಕ್ರಮವನ್ನು ವ್ಯತ್ಯಸ್ತಗೊಳಿಸಿತು. ಸಾವಿರಾರು ಮಂದಿ ದೂರದಲ್ಲಿದ್ದರೂ ಯಂತ್ರವು ಮಾತನ್ನು ಒಬ್ಬೊಬ್ಬರ ಕಿವಿಯ ಪಕ್ಕಕ್ಕೇ ಒಯ್ಯುತ್ತದೆ. ಇದನ್ನರಿಯದೆ ಯಂತ್ರದ ಮುಂದೆಯೂ ಕೂಗುವವರು ಅನೇಕರು. ಅಪರ್ಣಾ ಅವರು ಮಂದ್ರವೂ ವಿಲಂಬಿತವೂ ಆದ ಧ್ವನಿಯಲ್ಲಿ, ಪಕ್ಕದಲ್ಲಿ ಕುಳಿತವರೊಡನೆ ಆಡುವಂತೆ ಆಡಿದರು. ಜನಸಂದಣಿಯಿಂದ ತುಂಬಿದ ರೈಲಿನಲ್ಲಿ, ಬಾಗಿಲು ಯಾವ ಪಾರ್ಶ್ವಕ್ಕೆ ತೆರೆಯುವುದೆಂಬ ಶುಷ್ಕವಾದ ವಾಕ್ಯವೂ ಆತ್ಮೀಯವಾಗಿ ಕೇಳಿಸಿದುದಕ್ಕೆ ಇದೇ ಕಾರಣ.

೪

ಇಂಥವರು ಹಾಸ್ಯಕಾರ್ಯಕ್ರಮದ ಪಾತ್ರವನ್ನು ವಹಿಸಿದುದು ಅವನತಿಯಲ್ಲವೆ ಎಂಬುದು ಪೂರ್ವಪಕ್ಷ. 'ಮಜಾ ಟಾಕೀಸ್' ಎಂಬುದರಲ್ಲಿ ಒಂದು ಮನೆಯೂ ಅದರ ನಿಯತ ಪಾತ್ರಗಳೂ ಇದ್ದು, ವಾರವಾರವೂ ಹೊಸ ಅತಿಥಿಗಳು ಬಂದುಹೋಗುತ್ತಾರೆ. ಅಲ್ಲಿಯ ವರಲಕ್ಷ್ಮಿ ವಾಚಾಳಿ. ಆತ್ಮಶ್ಲಾಘನೆಯೇ ಅವಳ ಸ್ವಭಾವ. 'ಒನ್ ಅಂಡ್ ಓನ್ಲಿ ವರಲಕ್ಷ್ಮಿ' ಎಂಬ ಆಂಗ್ಲ ಬಿರುದೇ ಅವಳ ಪರಿಚಯವಾಗಿದೆ. ಶುದ್ಧಕನ್ನಡಕ್ಕೆ ಮಾದರಿಯಾದವರ ಬಾಯಿಂದ ಇಂಥ ಮಾತು ಬರಬಹುದೆ ಎಂದು ಮೂಗುಮುರಿದವರು ಇರಬಹುದು.

ಈ ಆಕ್ಷೇಪವು ನಿಲ್ಲತಕ್ಕದ್ದಲ್ಲ. ವಿಕೃತವೇಷ, ಧಾರ್ಷ್ಟ್ಯ, ಲೌಲ್ಯ, ಅಸತ್ಪ್ರಲಾಪ ಮುಂತಾದುವು ಹಾಸ್ಯದ ವಿಭಾವಗಳೆಂದು ಭರತನೇ ಹೇಳಿದ್ದಾನೆ. ವರಲಕ್ಷ್ಮಿಯ ಪಾತ್ರದಲ್ಲಿ ಧಾರ್ಷ್ಟ್ಯವೂ ಅಸತ್ಪ್ರಲಾಪವೂ ಪ್ರಧಾನವಾಗಿವೆ. ಮೃಚ್ಛಕಟಿಕದ ಶಕಾರನನ್ನು ಇದರೊಡನೆ ಹೋಲಿಸಿ ನೋಡಬಹುದು. ಅವನೂ ತನ್ನ ಸಂಬಂಧದ ಹಿರಿಮೆಯನ್ನು ಕೊಚ್ಚಿಕೊಳ್ಳುವವನು. ಆದರೆ ಅವನ ಹಾಸ್ಯಕ್ಕೆ ಮೂಲವು ಶಬ್ದದಲ್ಲಿಯೂ ಅರ್ಥದಲ್ಲಿಯೂ ಇರುವ ದೋಷ: ಉಚ್ಚಾರಣೆ ವಿಕೃತ, ಪುರಾಣಕಥೆಗಳ ಉಲ್ಲೇಖ ತಲೆಕೆಳಗು. ಆಂಗ್ಲಪದಗಳ ಬೆರಕೆಯಿಂದ ನಗೆಯುಕ್ಕಿಸುವ ಮಾರ್ಗವಾದರೋ ಟಿ. ಪಿ. ಕೈಲಾಸಂ ಅವರ ಕಾಲದಿಂದ ಕನ್ನಡ ರಂಗಭೂಮಿಗೆ ಪರಿಚಿತವಾದುದೇ. ವರಲಕ್ಷ್ಮಿಯ ವೈಲಕ್ಷಣ್ಯವು ಬೇರೆ. ಇವಳಲ್ಲಿ ಅಕ್ಷರವು ಕೆಡುವುದಿಲ್ಲ, ಪದವು ಒಡೆಯುವುದಿಲ್ಲ, ಕೆಡುವುದು ಔಚಿತ್ಯವೊಂದೇ. ಗಂಭೀರಸಭೆಗೆ ಸಲ್ಲತಕ್ಕ ವಾಗ್ವೈಭವವು ಹುರುಳಿಲ್ಲದ ಬಡಾಯಿಗೆ ಸಲ್ಲುವುದರಿಂದಲೇ ನಗು ಹುಟ್ಟುತ್ತದೆ. ಮಂದ್ರವಿಲಂಬಿತಗಳನ್ನು ಬಲ್ಲ ಕಂಠವು ಉಚ್ಚಕ್ಕೂ ದ್ರುತಕ್ಕೂ ಏರಿದಾಗ, ಮೊದಲಿನದನ್ನು ಕೇಳಿದ್ದವರಿಗೆ ಆ ಅಂತರವೇ ವಿನೋದವಾಗುತ್ತದೆ. ಆದುದರಿಂದ ಹಾಸ್ಯಪಾತ್ರವು ನಿರೂಪಕಿಯ ಶಿಕ್ಷಣವನ್ನು ಅಳಿಸಲಿಲ್ಲ. ಅದನ್ನೇ ಬಂಡವಾಳವಾಗಿ ಇಟ್ಟುಕೊಂಡಿತು. ಮಾತನ್ನು ಸಾಧಿಸದವರಿಗೆ ಇಂಥ ಹಾಸ್ಯವು ಸಾಧ್ಯವಾಗುತ್ತಿರಲಿಲ್ಲ.

ದೋಷಗಳಿಲ್ಲವೆಂದಲ್ಲ. ವಾರವಾರವೂ ನಡೆಯತಕ್ಕ ಹಾಸ್ಯದಲ್ಲಿ ಪಾತ್ರಕ್ಕೆ ಬೆಳವಣಿಗೆಯಿಲ್ಲ. ಮೊದಲ ವಾರದ ಬಡಾಯಿಯೇ ನೂರನೆಯ ವಾರಕ್ಕೂ ಬರುತ್ತದೆ. ಪುನರುಕ್ತಿಯಿಂದ ರಸವು ತೆಳ್ಳಗಾಗುತ್ತದೆ. ಪ್ರೇಕ್ಷಕರ ನಗೆಗೆ ಅವಕಾಶವಿಡಬೇಕಾದುದರಿಂದ ವಿಚ್ಛೇದವು, ಎಂದರೆ ಮಾತಿನ ನಡುವಣ ನಿಲುಗಡೆಯು, ಅರ್ಥವನ್ನು ಅನುಸರಿಸದೆ ಚಪ್ಪಾಳೆಯನ್ನು ಅನುಸರಿಸುತ್ತದೆ. ಇವು ಆ ಪ್ರಕಾರಕ್ಕೇ ಅಂಟಿದ ದೋಷಗಳು. ಹಾಗೆಯೇ, ಇವರ ನಿರೂಪಣೆಯ ಕನ್ನಡವು ಒಮ್ಮೊಮ್ಮೆ ಬರೆದ ಮಾತಿನಂತೆ ತೋರುವಷ್ಟು ಸಮವಾಗಿದ್ದಿತೆಂದೂ ಒಪ್ಪಬೇಕು.

೫

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಗೆ ಬರಬಹುದು. ಅಪರ್ಣಾ ಅವರ ಉಚ್ಚಾರಣೆಯನ್ನು ಪಾಠಶಾಲೆಗಳಲ್ಲಿ ಮಾದರಿಯಾಗಿ ಕೇಳಿಸುವುದು ಯುಕ್ತವೇ. ಆದರೆ ಅದನ್ನು ಶಾಣೆಗಲ್ಲಾಗಿ ಬಳಸಬೇಕೇ ಹೊರತು ಬೆತ್ತವಾಗಿ ಅಲ್ಲ. ಚಿಂತಾಮಣಿಯ ಸಮೀಪದ ಕೈವಾರದಲ್ಲಿದ್ದ ನಾರಣಪ್ಪ ಯೋಗಿಗಳು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಅವರ ನೆಲದಲ್ಲಿ ಮನೆಮಾತಿನ ಛಾಯೆಯನ್ನು ಹಳಿದು ಮಕ್ಕಳನ್ನು ನಾಚಿಸುವುದು ಶಿಕ್ಷಣವಾಗಲಾರದು. ವೇದಿಕೆಯ ಮಾತಿಗೆ ಒಂದು ನಿಯಮ, ಮನೆಯ ಮಾತಿಗೆ ಒಂದು ಸ್ವಾತಂತ್ರ್ಯ. ಎರಡನ್ನೂ ಬಲ್ಲವರೇ ಭಾಷೆಯನ್ನು ಬಲ್ಲವರು.

ವರಲಕ್ಷ್ಮಿಯಿಂದಲೂ ಪಂಡಿತರಿಗೆ ಒಂದು ಪಾಠವುಂಟು. ಅಕ್ಷರಶುದ್ಧಿಯಿದ್ದು ಹುರುಳಿಲ್ಲದಿದ್ದರೆ ಮಾತು ನಗೆಪಾಟಲಾಗುತ್ತದೆ. ನಿರೂಪಕಿಯು ಶುದ್ಧವಾದ ಮಾತಿನ ಸೊಗಸನ್ನು ತೋರಿಸಿದರು. ಅದೇ ನಟಿಯು ಆ ಶುದ್ಧಿಯು ಡಂಭಕ್ಕೆ ತಿರುಗಿದರೆ ಹೇಗಿರುವುದೆಂಬುದನ್ನೂ ತೋರಿಸಿದರು. ಎರಡನ್ನೂ ಒಬ್ಬರೇ ತೋರಿಸಿದುದು ಕನ್ನಡದ ವಾಚಿಕಾಭಿನಯದಲ್ಲಿ ವಿರಳ. ಇವರ ನಿರೂಪಣೆಯನ್ನು ಮಾತ್ರ ಸ್ಮರಿಸಿ ಹಾಸ್ಯವನ್ನು ಮರೆಯುವವರು ಈ ಕಲಾವಿದೆಯ ಅರ್ಧವನ್ನು ಮಾತ್ರವೇ ಬಲ್ಲವರಾಗುತ್ತಾರೆ.